ಮೋಡ ಬಂದರೆ ಸಾಕು, ಬ್ಲೈಂಡ್ ಮೇಲೆ ಕೆಳಗೆ ಓಡುತ್ತದೆ, ಏನು ಮಾಡಲಿ?

ಪ್ರಶ್ನೆ:
ನಮ್ಮ ಆಫೀಸ್ ಬೆಂಗಳೂರಲ್ಲಿ, ನಾಲ್ಕನೇ ಮಹಡಿ, ಪಶ್ಚಿಮದ ಗೋಡೆ ಪೂರ್ತಿ ಗಾಜು. ಹೋದ ವರ್ಷ ಮೋಟಾರ್ ಬ್ಲೈಂಡ್ (ಕಿಟಕಿಗೆ ಇಳಿಬಿಡುವ ಪರದೆ) ಹಾಕಿಸಿದೆವು. ಬಿಸಿಲು ಜಾಸ್ತಿಯಾದರೆ ತಾನೇ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಜೂನ್ ಬಂತು ನೋಡಿ, ಮೋಡದ ಜೊತೆ ಬ್ಲೈಂಡೂ ಕುಣಿಯೋಕೆ ಶುರು ಮಾಡಿತು. ನಿನ್ನೆ ಮಧ್ಯಾಹ್ನ ಒಂದೇ ಗಂಟೆಯಲ್ಲಿ 14 ಸಲ ಎಣಿಸಿದೆ. ಕಿಟಕಿ ಪಕ್ಕ ಕೂರುವವರು ರೋಸಿಹೋಗಿ ಬೆಳಕು ಅಳೆಯುವ ಸೆನ್ಸರ್‌ಗೆ ಟೇಪ್ ಅಂಟಿಸಿದ್ದಾರೆ. ಹಾಕಿಕೊಟ್ಟವರು ಫೋನ್ ಎತ್ತುತ್ತಿಲ್ಲ.

ಉತ್ತರ 1:
ಸರ್, ಟೇಪ್ ಅಂಟಿಸಿದರು ಅಂದರೆ ಸೆನ್ಸರ್ ಒಳಗಡೆ ಇದೆ ಅಂತಾಯ್ತು, ಅಲ್ವಾ? ಎಡವಟ್ಟು ಅಲ್ಲೇ. ಬ್ಲೈಂಡ್ ಇಳಿದ ತಕ್ಷಣ ಸೆನ್ಸರ್‌ಗೂ ನೆರಳು ಬೀಳುತ್ತದೆ, ಅದು ಬಿಸಿಲು ಹೋಯ್ತು ಅಂದುಕೊಂಡು ಬ್ಲೈಂಡ್ ಏರಿಸುತ್ತದೆ, ಏರಿದರೆ ಮತ್ತೆ ಬಿಸಿಲು. ಬೇಸಿಗೆಯಲ್ಲಿ ಬಟ್ಟೆ ದಾಟಿ ಬರುವ ಬೆಳಕೇ ಜೋರಾಗಿತ್ತು, ಅದಕ್ಕೇ ಇಳಿದದ್ದು ಇಳಿದೇ ಇತ್ತು. ಸೆನ್ಸರನ್ನು ಗಾಜಿನ ಹೊರಗೆ ಹಾಕಿಸಿ.

ಉತ್ತರ 2:
ಅದು ಸರಿ, ಆದರೆ ಅಷ್ಟೇ ಸಾಲದು. ಇಳಿಯೋಕೆ ಒಂದು ಮಿತಿ, ಏರೋಕೆ ಬೇರೆ ಮಿತಿ ಇರಲೇಬೇಕು. ಉದಾಹರಣೆಗೆ ಬೆಳಕು 40,000 ಲಕ್ಸ್ (ಬೆಳಕಿನ ಅಳತೆ) ದಾಟಿದರೆ ಇಳಿಯಲಿ, 20,000ಕ್ಕಿಂತ ಕೆಳಗೆ ಬಂದು 20 ನಿಮಿಷ ಹಾಗೇ ಇದ್ದರೆ ಮಾತ್ರ ಏರಲಿ. ಬೇಗ ಇಳಿಯಬೇಕು, ನಿಧಾನಕ್ಕೆ ಏರಬೇಕು. ಇನ್ನೊಂದು, ಕೈಯಲ್ಲಿ ಒತ್ತುವ ಸ್ವಿಚ್ ಕೊಡಿ. ಯಾರಾದರೂ ಒತ್ತಿದರೆ ಒಂದೆರಡು ಗಂಟೆ ಸೆನ್ಸರ್ ಮಾತು ನಡೆಯಬಾರದು. ಕೂತು ಕೆಲಸ ಮಾಡುವವರ ಕಣ್ಣಿಗಿಂತ ದೊಡ್ಡ ಸೆನ್ಸರ್ ಇಲ್ಲ.

ಉತ್ತರ 3:
ನಾನು ಅಬುಧಾಬಿಯಲ್ಲಿ ಇದ್ದೇನೆ. ಇಲ್ಲಿನ ಅಲ್ ಬಹರ್ ಗೋಪುರಗಳನ್ನು (2012ರಲ್ಲಿ ಮುಗಿದ ಎರಡು ಗಾಜಿನ ಆಫೀಸ್ ಕಟ್ಟಡ) ದಿನಾ ನೋಡುತ್ತೇನೆ. ಒಂದೊಂದಕ್ಕೂ ಸಾವಿರಕ್ಕೂ ಹೆಚ್ಚು ಮಡಚುವ ಕೊಡೆಗಳಿವೆ, ಗಾಜಿನಿಂದ ಸುಮಾರು 2 ಮೀಟರ್ ಹೊರಗೆ. ಉತ್ತರಕ್ಕೆ ಕೊಡೆಯೇ ಇಲ್ಲ, ಅಲ್ಲಿ ಬೇಕಾಗಿಲ್ಲ. ಅವು ಪ್ರತಿ ಮೋಡಕ್ಕೂ ಮಿಸುಕುವುದಿಲ್ಲ. ಸೂರ್ಯ ಯಾವ ಹೊತ್ತಿಗೆ ಎಲ್ಲಿರುತ್ತಾನೆ ಅನ್ನೋದು ಮೊದಲೇ ಗೊತ್ತಲ್ವಾ, ಆ ಲೆಕ್ಕದಲ್ಲಿ ದಿನಕ್ಕೊಮ್ಮೆ ನಿಧಾನವಾಗಿ ತೆರೆದು ಮುಚ್ಚುತ್ತವೆ. ಗಾಳಿ ಜೋರಾದರೆ, ಪೂರ್ತಿ ಮೋಡ ಕವಿದರೆ ಮಾತ್ರ ಸೆನ್ಸರ್ ನಡುವೆ ಬರುತ್ತದೆ. ನಿಮ್ಮದೂ ಹಾಗೇ ಮಾಡಬಹುದು: ಮಧ್ಯಾಹ್ನ 2ರ ತನಕ ಬ್ಲೈಂಡ್ ಮೇಲೇ ಇರಲಿ, ಆಮೇಲಷ್ಟೇ ಸೆನ್ಸರ್ ಕೇಳಲಿ. ಮತ್ತೆ, ಬ್ಲೈಂಡ್ ಒಳಗಿದ್ದರೆ ಕಣ್ಣಿಗೆ ಹೊಡೆಯೋದು ತಪ್ಪುತ್ತದೆ, ಸೆಕೆ ಅಷ್ಟಾಗಿ ತಪ್ಪೋದಿಲ್ಲ. ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ದುಡ್ಡಿದ್ದರೆ ಹೊರಗಡೆ ಲೂವರ್ (ನೆರಳಿನ ಓರೆ ಪಟ್ಟಿಗಳು) ಹಾಕಿಸಿ.

ಪ್ರಶ್ನೆ ಕೇಳಿದವರು:
ಈಗಷ್ಟೇ ನೋಡಿ ಬಂದೆ, ಸೆನ್ಸರ್ ಒಳಗೇ ಇದೆ, ಬ್ಲೈಂಡಿನಿಂದ ಈಚೆ, ಕೋಣೆಯ ಕಡೆ, ಒಂದು ಗೇಣು ದೂರದಲ್ಲಿ! ಶನಿವಾರ ಎಲೆಕ್ಟ್ರಿಷಿಯನ್ ಬರುತ್ತಾರೆ, ಹೊರಗೆ ಹಾಕಿಸುತ್ತೇನೆ. ಕೈಯಲ್ಲಿ ಒತ್ತುವ ಸ್ವಿಚ್ಚನ್ನು, ಟೇಪ್ ಅಂಟಿಸಿದವರ ಮೇಜಿನ ಪಕ್ಕವೇ ಹಾಕಿಸುತ್ತೇನೆ. ಹೊರಗಿನ ಸೆನ್ಸರ್‌ಗೆ ಮಳೆ ನೀರು ಹೋಗದ ಹಾಗೆ ಏನು ಮಾಡುತ್ತೀರಿ?