ಅಪ್‌ಡೇಟ್: ಧನಾಗ್ರದ ಕಟುವಾಸನೆಗೆ ಕಾರಣ ಸಿಕ್ಕಿತು

ನೀರಿನ ವಿದ್ಯುದ್ವಿಭಜನೆಯಲ್ಲಿ (ವಿದ್ಯುತ್ ಹರಿಸಿ ನೀರನ್ನು ಒಡೆಯುವುದರಲ್ಲಿ) ಹೈಡ್ರೋಜನ್ ಮತ್ತು ಆಮ್ಲಜನಕ 2:1ರ ಗಾತ್ರದಲ್ಲಿ ಸಿಗಬೇಕು. ನನ್ನ ಪ್ರಯೋಗದಲ್ಲಿ ಮಾತ್ರ ಧನಾಗ್ರದ, ಅಂದರೆ ಬ್ಯಾಟರಿಯ + ತುದಿಗೆ ಸೇರಿದ ಕಡ್ಡಿಯ, ಪ್ರನಾಳ ಹೆಚ್ಚುಕಡಿಮೆ ಖಾಲಿಯೇ ಉಳಿದು ಕಟುವಾಸನೆ ಬಂದಿತ್ತು, ಏಕೆ ಎಂದು ಕೇಳಿದ್ದೆ. ನಾನು ನೀರಿಗೆ ಹಾಕಿದ್ದ ಅಡುಗೆ ಉಪ್ಪೇ ಅದಕ್ಕೆ ಕಾರಣ. ಉಪ್ಪಿನ ಕ್ಲೋರೈಡ್ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಧನಾಗ್ರದಲ್ಲಿ ಎಲೆಕ್ಟ್ರಾನ್ ಕಳೆದುಕೊಂಡು ಕ್ಲೋರಿನ್ ಆಗುತ್ತಿದ್ದವು, ಅದರಲ್ಲಿ ಬಹುಪಾಲು ನೀರಿನಲ್ಲೇ ಕರಗುತ್ತಿತ್ತು. ಕ್ಲೋರಿನ್ ವಿಷಾನಿಲ. ದಯವಿಟ್ಟು ಯಾರೂ ಮುಚ್ಚಿದ ಕೋಣೆಯಲ್ಲಿ ಉಪ್ಪುನೀರಿನಿಂದ ಇದನ್ನು ಮಾಡಬೇಡಿ.

ಈ ಸಲ ಶಿಕ್ಷಕರ ಎದುರಿನಲ್ಲೇ ಸೋಡಿಯಂ ಸಲ್ಫೇಟ್ ದ್ರಾವಣ, 9 ವೋಲ್ಟ್ ಬ್ಯಾಟರಿ ಮತ್ತು ಎರಡು ಪೆನ್ಸಿಲ್ ಕಡ್ಡಿ ಬಳಸಿದೆ. ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ ಆಗುವ ನೇರಳೆ ಲಿಟ್ಮಸ್ ದ್ರಾವಣವನ್ನೂ ಕೆಲವು ಹನಿ ಬೆರೆಸಿದ್ದೆ. ಸ್ವಲ್ಪ ಹೊತ್ತಿನಲ್ಲೇ ಋಣಾಗ್ರದ (− ತುದಿಯ ಕಡ್ಡಿಯ) ಸುತ್ತ ನೀಲಿ, ಧನಾಗ್ರದ ಸುತ್ತ ಕೆಂಪು ಹರಡತೊಡಗಿತು! ಒಂದು ಕಡೆ ಕ್ಷಾರದ ಹೈಡ್ರಾಕ್ಸೈಡ್ ಅಯಾನುಗಳು, ಇನ್ನೊಂದು ಕಡೆ ಆಮ್ಲದ ಹೈಡ್ರೋಜನ್ ಅಯಾನುಗಳು ಹುಟ್ಟುತ್ತಿರುವುದು ಕಣ್ಣಿಗೇ ಕಾಣಿಸಿತು. ಪಠ್ಯದಲ್ಲಿ ಎಷ್ಟು ಸಲ ಓದಿದರೂ ತಲೆಗೆ ಹತ್ತದ ಸಮೀಕರಣ ಆ ಎರಡು ಬಣ್ಣಗಳಲ್ಲಿ ಅರ್ಥವಾಯಿತು.

ಹೈಡ್ರೋಜನ್ 12 ಮಿಲಿಲೀಟರ್ ಆದಾಗ ಆಮ್ಲಜನಕ 6ಕ್ಕಿಂತ ಸ್ವಲ್ಪ ಕಡಿಮೆ ಇತ್ತು. ಆಮ್ಲಜನಕ ನೀರಿನಲ್ಲಿ ಹೆಚ್ಚು ಕರಗುತ್ತದೆ, ಮೇಲಾಗಿ ಅದರಲ್ಲೊಂದಿಷ್ಟು ಪೆನ್ಸಿಲ್‌ನ ಗ್ರಾಫೈಟ್ ಕಡ್ಡಿಯೊಂದಿಗೇ ಸೇರಿ ಅದನ್ನು ಉತ್ಕರ್ಷಿಸುತ್ತದೆ. ಪ್ಲಾಟಿನಂ ಆಗಿದ್ದರೆ ಈ ಎರಡನೆಯ ತೊಂದರೆ ಇರುತ್ತಿರಲಿಲ್ಲ.

ನನ್ನ ಇನ್ನೊಂದು ಗೊಂದಲವೂ ಬಗೆಹರಿಯಿತು. ವಿದ್ಯುತ್ ಕೊಡುವ ಕೋಶದಲ್ಲಿ ಆನೋಡ್ ಋಣಾತ್ಮಕ, ಇಲ್ಲಿ ಧನಾತ್ಮಕ (ಅಂದರೆ ಇಲ್ಲಿನ ಧನಾಗ್ರವೇ ಆನೋಡ್). ಆದರೆ ಎರಡರಲ್ಲೂ ಉತ್ಕರ್ಷಣ, ಅಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುವ ಕ್ರಿಯೆ, ನಡೆಯುವುದು ಆನೋಡ್‌ನಲ್ಲೇ. ಚಿಹ್ನೆಯನ್ನು ಬಾಯಿಪಾಠ ಮಾಡುವ ಬದಲು ಎಲೆಕ್ಟ್ರಾನ್ ಎಲ್ಲಿಂದ ಹೊರಡುತ್ತದೆ ಎಂದು ನೋಡಲು ಹೇಳಿದವರಿಗೆ ಮನಸಾರೆ ಧನ್ಯವಾದ. ಮುಂದಿನ ವಾರ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಪ್ರಯತ್ನಿಸುತ್ತೇನೆ.