ಮೂರು ಆಟ ಆಡುವ ಮಗಳು ಪಿಟಿ ಟೀಚರ್ ಆಗಬೇಕಂತೆ, ಒಂದೇ ಆಟ ಸಾಕು ಅನ್ನಲಾ?

ಹಾಸನದ ಅಮ್ಮ:
ಮಗಳು ಒಂಬತ್ತನೇ ಕ್ಲಾಸು. ಖೋ ಖೋ, ಥ್ರೋಬಾಲ್, 400 ಮೀಟರ್ ಓಟ, ಮೂರರಲ್ಲೂ ಇದ್ದಾಳೆ. ಈ ಸಲ ಹೋಬಳಿಯಲ್ಲಿ ಗೆದ್ದು ತಾಲೂಕು ಮಟ್ಟಕ್ಕೆ ಹೋಗಿದ್ದಳು. ಅಲ್ಲಿ ಖೋ ಖೋ ಫೈನಲ್ ಮುಗಿಸಿ ಸುಧಾರಿಸಿಕೊಳ್ಳುವ ಮೊದಲೇ 400 ಮೀಟರ್‌ಗೆ ಕರೆದರು, ಕೊನೆಯ ತಿರುವಿನಲ್ಲಿ ತೊಡೆ ಹಿಡಿದುಕೊಂಡು ಕೂತುಬಿಟ್ಟಳು. ಅವತ್ತಿನಿಂದ ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ಒಂದು ಆಟ ಇಟ್ಟುಕೋ ಸಾಕು ಅಂತ. ಅವಳು ಮಾತ್ರ, ಪಿಟಿ ಟೀಚರ್ ಆಗೋಕೆ ಎಲ್ಲಾ ಬೇಕಮ್ಮ ಅನ್ನುತ್ತಾಳೆ. ಈ ದಾರಿಯಲ್ಲಿ ಬಂದವರು ಹೇಳಿ.

ವಿಸಿಲ್ ಮೇಷ್ಟ್ರು:
ಮೇಡಂ, ಮಗಳು ಹೇಳುವುದೇ ಸರಿ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಇಡೀ ಶಾಲೆಗೆ ನಾನೊಬ್ಬನೇ. ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಹಾಕುವವನೂ ನಾನೇ, ಗುಂಡು ಎಸೆತ ಕಲಿಸುವವನೂ ನಾನೇ. ಓದುವಾಗ ಕಬಡ್ಡಿ, ವಾಲಿಬಾಲ್, ಉದ್ದ ಜಿಗಿತ ಮೂರನ್ನೂ ಆಡಿದ್ದು ಈಗ ದಿನಾ ಕೈ ಹಿಡಿಯುತ್ತಿದೆ. ಒಂದು ಆಟದಲ್ಲಿ ಪಳಗಿದ ಮೈ ಇನ್ನೊಂದಕ್ಕೆ ಸುಲಭವಾಗಿ ಬಗ್ಗುತ್ತದೆ. 'ಖೋ' ಅಂದ ಕೂಡಲೇ ಕೂತಲ್ಲಿಂದ ಚಿಮ್ಮುವ ಹುಡುಗಿಗೆ 100 ಮೀಟರ್ ಸ್ಟಾರ್ಟ್ ಕಲಿಸಲು ನನಗೆ ಜಾಸ್ತಿ ದಿನ ಬೇಕಾಗಲಿಲ್ಲ.

ಆದರೆ ಅವತ್ತು ಎರಡೂ ಆಡಿಸಿದ್ದು ತಪ್ಪು. ತಪ್ಪು ಅವಳದ್ದಲ್ಲ, ದೊಡ್ಡವರದ್ದು. ಹೊಸದರಲ್ಲಿ ನಾನೂ ಒಬ್ಬ ಹುಡುಗನನ್ನು ಹೀಗೇ ಓಡಿಸಿದ್ದೆ, ನೋವಾಗಿ ಅವನು ಆ ವರ್ಷವೆಲ್ಲ ಮೈದಾನದ ಅಂಚಿನಲ್ಲಿ ಕೂತಿದ್ದ. ಈಗಲೂ ಅದು ನನ್ನನ್ನು ಬಿಟ್ಟಿಲ್ಲ.

ಬಿಪಿಎಡ್ ಹುಡುಗಿ:
ಅಕ್ಕಾ, ಹೋಬಳಿಯದ್ದೇ ಆಗಲಿ, ಒಂದು ಸರ್ಟಿಫಿಕೇಟೂ ಕಳೆಯಬೇಡಿ. ಬಿಪಿಎಡ್ (ದೈಹಿಕ ಶಿಕ್ಷಣದ ಪದವಿ) ಸೀಟು ಕೇಳುವಾಗ ಆಡಿದ ದಾಖಲೆ ಕೆಲಸಕ್ಕೆ ಬರುತ್ತದೆ. ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆಗೋಕೆ ಡಿಗ್ರಿ ಆದ ಮೇಲೆ 2 ವರ್ಷದ ಬಿಪಿಎಡ್ ಮಾಡಬೇಕು. ಕೋಚ್ ಆಗುವ ಆಸೆ ಬಂದರೆ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಎನ್‌ಐಎಸ್ ಡಿಪ್ಲೊಮಾ ಇದೆ, ಅದನ್ನು ಮಾತ್ರ ಯಾವುದಾದರೂ ಒಂದೇ ಆಟದಲ್ಲಿ ಮಾಡಬೇಕು. ಆರಿಸಿಕೊಳ್ಳುವ ಕಾಲ ಅದು, ಒಂಬತ್ತನೇ ಕ್ಲಾಸಲ್ಲ. ಖೋ ಖೋ ಹಳ್ಳಿ ಆಟ ಅಂತ ಯಾರಾದರೂ ತಳ್ಳಿಹಾಕಿದರೆ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲೂಕು ಕುರುಬೂರಿನ ಚೈತ್ರಾ ಇದ್ದರು ಅಂತ ಹೇಳಿ.

ಹಾಸನದ ಅಮ್ಮ:
ಸರ್ಟಿಫಿಕೇಟೆಲ್ಲ ಬೀರುವಿನ ಮೇಲೆ ಬಿದ್ದಿದ್ದವು, ಈಗಲೇ ಫೈಲಿಗೆ ಹಾಕಿದೆ. ಮೇಷ್ಟ್ರೇ, ನೋವು ಹೋಗಿ ಮೂರು ವಾರ ಆಯ್ತು, ಮತ್ತೆ ಓಡಲು ಬಿಡಬಹುದಾ?

ವಿಸಿಲ್ ಮೇಷ್ಟ್ರು:
ಒಮ್ಮೆ ಡಾಕ್ಟರಿಗೆ ತೋರಿಸಿ. ಅವರು ಸರಿ ಅಂದರೆ ಮೊದಲು ನಿಧಾನದ ಓಟ ಮಾತ್ರ. ತೊಡೆ ಸ್ವಲ್ಪ ಎಳೆದರೂ ನಿಲ್ಲಿಸಲಿ. ಖೋ ಖೋ ಕಂಬದ ಹತ್ತಿರ ಸದ್ಯಕ್ಕೆ ಬಿಡಬೇಡಿ, ಕಂಬ ಹಿಡಿದು ತಿರುಗುವಾಗಲೇ ತೊಡೆಗೆ ಜಾಸ್ತಿ ಪೆಟ್ಟು.