ಪ್ರಕಾಶಕರ ದುಡ್ಡು ಮುಟ್ಟಿದರೆ ‘ಇಂಡಿ’ ಹೋಯಿತೇ? ಅನುಭವ ಇದ್ದವರು ಹೇಳಿ

ಕೇಳಿದವರು, ತೀರ್ಥಹಳ್ಳಿ:
ನಾನು ಮತ್ತು ತಂಗಿ ಸೇರಿ ಮಲೆನಾಡಿನ ಮಳೆಗಾಲದ ಗೇಮ್ ಮಾಡುತ್ತಿದ್ದೇವೆ. ಪ್ರಕಾಶಕರೊಬ್ಬರು 12 ಲಕ್ಷ ಮುಂಗಡ ಕೊಡುತ್ತಾರಂತೆ. ಒಪ್ಪಿದ ಮೇಲೂ ‘ಇಂಡಿ’, ಅಂದರೆ ಸ್ವತಂತ್ರ ಗೇಮ್, ಎಂದು ಹಾಕಿಕೊಳ್ಳಬಹುದೇ? ಹಾಕಿಕೊಂಡರೆ ಪ್ರಯೋಜನವಿದೆಯೇ? ನಾಟಿ ಗದ್ದೆಯ ಒಂದು ಚಿತ್ರ ಕೆಳಗಿದೆ.

ಹೊಸನಗರದವರು:
ಮುಟ್ಟಬೇಡಿ. ನಾನು ಯಾರ ಹಂಗೂ ಇಲ್ಲದೆ ಮೂರು ವರ್ಷ ಒಬ್ಬನೇ ಕುಳಿತು ಮಾಡಿದವನು. ಇನ್ವರ್ಟರ್, ಎರಡು ಬ್ಯಾಟರಿಗೆ 41,300. ಸಂಗೀತಕ್ಕೆ 18,000. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ 100 ಡಾಲರ್. ಬುದ್ಧಿ ಇಲ್ಲದೆ ಬಿಡುಗಡೆಯನ್ನು ಜುಲೈಗೆ ಇಟ್ಟುಕೊಂಡೆ; ಅಂದೇ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ. ಆಟ ಸೇವ್ ಆಗುತ್ತಿಲ್ಲವೆಂದು ಜನ ಬೈಯುತ್ತಿದ್ದಾಗ ನಾನು ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಶಿವಮೊಗ್ಗದ ಬಸ್ಸಿನಲ್ಲಿದ್ದೆ. 249 ರೂಪಾಯಿಯಂತೆ 214 ಪ್ರತಿ ಹೋದವು, ಅದರಲ್ಲಿ ಶೇ 30 ಸ್ಟೀಮ್‌ನದು. ಮಾರಾಟ 1,000 ಡಾಲರ್ ದಾಟದೆ ಆ 100 ಡಾಲರ್ ವಾಪಸ್ ಬರುವುದಿಲ್ಲ. ಬಂದಿಲ್ಲ. ಆದರೂ ಆಟ ನನ್ನದು. ಸ್ಟಾರ್‌ಡ್ಯೂ ವ್ಯಾಲಿ ಗೇಮ್ ಮಾಡಿದ ಎರಿಕ್ ಬ್ಯಾರೋನ್ ಕೂಡ ನಾಲ್ಕು ವರ್ಷಕ್ಕೂ ಮೇಲೆ ಒಬ್ಬನೇ ದುಡಿದವನು. ಇಂಡಿ ಎಂದರೆ ಅದು.

ವಿನೋಬನಗರ, ಶಿವಮೊಗ್ಗ:
ಅಲ್ಲ ಮಾರಾಯರೇ, ಸ್ಟಾರ್‌ಡ್ಯೂ ವ್ಯಾಲಿ 2016ರಲ್ಲಿ ಹೊರಬಂದದ್ದೇ ಚಕಲ್‌ಫಿಶ್ ಎಂಬ ಪ್ರಕಾಶಕರ ಮೂಲಕ! ನಾನು ಮುಂಗಡ ತೆಗೆದುಕೊಂಡವನು, 9 ಲಕ್ಷ. ಅಪ್ಪನ ತೋಟಕ್ಕೆ ಎಲೆಚುಕ್ಕೆ ಬಿದ್ದ ವರ್ಷ ಅದು. ಹಂಗು ಬೇಡ ಎನ್ನುವಷ್ಟು ಸಿರಿವಂತಿಕೆ ನಮಗಿರಲಿಲ್ಲ. (‘ಇಂಡಿ’ ಎಂದರೆ ದನಕ್ಕೆ ಹಾಕುವ ಹಿಂಡಿ ಎಂದೇ ಅಪ್ಪ ತಿಳಿದಿದ್ದರು.) ಒಪ್ಪಂದದ ಹನ್ನೊಂದನೆಯ ಪುಟ ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಮುಂಗಡ ತೀರುವವರೆಗೆ ನನ್ನ ಪಾಲು ಸೊನ್ನೆ. ಟ್ರೇಲರ್, ಜಪಾನಿ ಅನುವಾದ ಎಲ್ಲವೂ ನನ್ನ ಲೆಕ್ಕಕ್ಕೆ, 3,40,000. ಇಪ್ಪತ್ತೊಂದು ತಿಂಗಳಿಂದ ಲೆಕ್ಕಪಟ್ಟಿ ತಪ್ಪದೆ ಬರುತ್ತಿದೆ, ಕೊನೆಯ ಸಾಲಿನಲ್ಲಿ 0.00. ಹಾಗಾದರೆ ನಾನು ಇಂಡಿ ಅಲ್ಲವೇ? ನೆಕ್ಸಾನ್‌ನಂಥ ದೊಡ್ಡ ಕಂಪನಿಯೊಳಗಿನ ತಂಡ ಮಾಡಿದ ಡೇವ್ ದ ಡೈವರ್, 2023ರ ದ ಗೇಮ್ ಅವಾರ್ಡ್ಸ್‌ನ ಸ್ವತಂತ್ರ ಗೇಮ್ ವಿಭಾಗದಲ್ಲೇ ಸ್ಪರ್ಧೆಗಿತ್ತು. ಬಾಲ್ಡರ್ಸ್ ಗೇಟ್ 3 ಅನ್ನು ನೂರಾರು ಜನ ಮಾಡಿದರು, ಅದನ್ನು ಮಾಡಿದ ಲೇರಿಯನ್ ಕಂಪನಿ ತಾನೇ ಪ್ರಕಟಿಸಿತು. ನಿಮ್ಮ ಅಳತೆಗೋಲಿನಲ್ಲಿ ಅದೂ ಇಂಡಿಯೇ ಆಗಬೇಕಲ್ಲ.

ಹೊಸನಗರದವರು:
ಚಕಲ್‌ಫಿಶ್ ಬಂದು ಕೋಡ್ ಬರೆದುಕೊಡಲಿಲ್ಲ. ಪರರ ದುಡ್ಡಿನಲ್ಲಿ ಕೂತವರು ನನಗೆ ಪಾಠ ಹೇಳಬೇಡಿ.

ವಿನೋಬನಗರ, ಶಿವಮೊಗ್ಗ:
ನನಗೂ ಯಾರೂ ಬರೆದುಕೊಡಲಿಲ್ಲ ರಾಯರೇ. 214 ಪ್ರತಿಯ ಸ್ವಾತಂತ್ರ್ಯ ನಿಮಗೇ ಇರಲಿ.

ಸಾಗರದವರು:
ನಾನು ಇಂಡಿ ಟ್ಯಾಗ್ ಹಾಕಿಯೂ ನೋಡಿದೆ, ತೆಗೆದೂ ನೋಡಿದೆ. ಒಂದು ನರಪಿಳ್ಳೆಯೂ ಗಮನಿಸಲಿಲ್ಲ. ಕೃಷಿ ಆಟ ಎಂದು ಹಾಕಿದ ವಾರ ವಿಶ್‌ಲಿಸ್ಟ್ (ಮುಂದೆ ಕೊಳ್ಳೋಣವೆಂದು ಗುರುತಿಟ್ಟವರ ಪಟ್ಟಿ) ಏರಿತು. ಅದಿರಲಿ, ಚಿತ್ರದಲ್ಲಿ ನಾಟಿ ಮಾಡುವ ಹೆಂಗಸರಿಗೆ ಕೊಡೆ ಕೊಟ್ಟಿದ್ದೀರಲ್ಲ, ಸಸಿ ನೆಡುವುದು ಯಾವ ಕೈಯಲ್ಲಿ? ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹಾಕಿ.

ಹೊಸನಗರದವರು:
ಗೊರಬು ಈಗ ಯಾರ ಮನೆಯಲ್ಲಿದೆ? ಎಲ್ಲರದೂ ಪ್ಲಾಸ್ಟಿಕ್ ಕೊಪ್ಪೆ.

ಸಾಗರದವರು:
ನಮ್ಮ ಅತ್ತೆ ಮನೆಯ ಅಟ್ಟದಲ್ಲಿ ಎರಡಿವೆ. ಬಂದು ನೋಡಿ.